ಸಂಚಾರಿ ಲಂಬ ಉದ್ಯಾನ

ಸಂಚಾರಿ ಲಂಬ ಉದ್ಯಾನವೆಂದರೆ ಗಾಲಿಯ ಮೇಲೆ ತಳ್ಳಿಕೊಂಡೋ ಲಾರಿಗೆ ಏರಿಸಿಕೊಂಡೋ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದ ಹಸಿರು ಗೋಡೆ. ಉಕ್ಕಿನ ಇಲ್ಲವೆ ಅಲ್ಯುಮಿನಿಯಂ ಚೌಕಟ್ಟು, ಅದರಲ್ಲಿ ಸಾಲಾಗಿ ಕೂರಿಸಿದ ಕುಂಡಗಳು ಅಥವಾ ಬಟ್ಟೆಯ ಚೀಲಗಳು, ಬುಡದಲ್ಲಿ ನೀರಿನ ತೊಟ್ಟಿ, ಸಣ್ಣ ಪಂಪು, ಹನಿ ಕೊಳವೆ, ಕೆಲವೆಡೆ ಸೌರಫಲಕ ಇದರ ಮುಖ್ಯ ಅಂಗಗಳು. ಮರ ನೆಡಲು ಮಣ್ಣಿಲ್ಲದ ಜಾಗಗಳಿಗೆಂದೇ ಇದು ಹುಟ್ಟಿದ್ದು. ಭೂಗತ ಪಾರ್ಕಿಂಗ್‌ ಮೇಲಿನ ಚೌಕ, ಮೇಲ್ಸೇತುವೆಯ ಅಡಿ, ಕೇಬಲ್ಲು ಪೈಪುಗಳು ತುಂಬಿದ ಕಾಲುದಾರಿ, ಬಸ್ ನಿಲ್ದಾಣದ ಕಾಂಕ್ರೀಟ್ ಅಂಗಳ ಇಂಥ ಕಡೆ ಬೇರಿಗೆ ಜಾಗವಿಲ್ಲ, ಆದರೆ ಬಿಸಿಲಿನಲ್ಲಿ ನಿಲ್ಲುವ ಜನರಿದ್ದಾರೆ. ಆ ಜನರಿಗೆ ಇದರಿಂದ ಎಷ್ಟು ನೆರಳು, ಎಷ್ಟು ತಂಪು ಸಿಗುತ್ತದೆ ಎಂಬುದನ್ನೇ ಇದರ ಬೆಲೆ ಕಟ್ಟುವ ಅಳತೆಗೋಲಾಗಿ ಹಿಡಿಯಬೇಕು. ನೋಡಲು ಚೆಂದವಿದೆಯೇ ಎಂಬುದು ಆಮೇಲಿನ ಮಾತು.

ಹಿನ್ನೆಲೆ

ಗಿಡವನ್ನು ನೆಟ್ಟಗೆ ಹಬ್ಬಿಸಿ ತಂಪು ಪಡೆಯುವುದು ಕನ್ನಡ ನಾಡಿಗೆ ಹೊಸದಲ್ಲ. ಕರಾವಳಿಯ ಅಂಗಳಗಳ ಬಸಳೆ ಚಪ್ಪರ, ಬಯಲುಸೀಮೆಯ ಅವರೆ, ಹೀರೆ, ಸೋರೆಯ ಚಪ್ಪರ, ಬೇಸಿಗೆಯಲ್ಲಿ ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದ ಲಾವಂಚದ ತಡಿಕೆ, ಇವೆಲ್ಲ ಹಸಿರು ಗೋಡೆಯ ಎರಡು ಮುಖ್ಯ ಗುಣಗಳನ್ನು ಬಳಸಿಕೊಂಡಂಥವು: ಬಿಸಿಲು ತಡೆಯುವುದು, ನೀರು ಆವಿಯಾಗುವಾಗ ಶಾಖ ಹೀರುವುದು.

ಆಧುನಿಕ ಹಸಿರು ಗೋಡೆಯ ಮೊದಲ ಸ್ಪಷ್ಟ ರೂಪ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಭೂದೃಶ್ಯ ವಾಸ್ತುಶಿಲ್ಪ ಕಲಿಸುತ್ತಿದ್ದ ಸ್ಟ್ಯಾನ್ಲಿ ಹಾರ್ಟ್ ವೈಟ್ ಅವರದು. 1938ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ತಮ್ಮ ಘಟಕಗಳನ್ನು ಅವರು ‘ಸಸ್ಯ ಇಟ್ಟಿಗೆ’ ಎಂದು ಕರೆದರು. ಒಂದರ ಮೇಲೊಂದು ಪೇರಿಸಿದರೆ ಬೇಕಾದ ಎತ್ತರಕ್ಕೆ ಹಸಿರು ಏಳಬೇಕು, ಗಿಡ ಬೆಳೆಯುವವರೆಗೆ ವರ್ಷಗಟ್ಟಲೆ ಕಾಯದೆ ದೃಶ್ಯವೊಂದು ತಯಾರಾಗಬೇಕು ಎಂಬುದು ಅವರ ಕಲ್ಪನೆ. ಇಂದಿನ ಚರಿತ್ರೆಗಳಲ್ಲಿ ಸ್ಥಿರ ಗೋಡೆಯೇ ಮೊದಲು, ಚಲಿಸುವುದು ಆಮೇಲಿನ ಕವಲು ಎಂಬ ಭಾವನೆ ಇದೆ. ಆದರೆ ವೈಟ್ ಅವರ ಇಟ್ಟಿಗೆಗಳನ್ನು ನೋಡಿದರೆ ಬಿಡಿಸಿ ಜೋಡಿಸುವ ಯೋಚನೆ ಆರಂಭದಲ್ಲೇ ಇತ್ತೆಂದು ತಿಳಿಯುತ್ತದೆ.

ವೈಟ್ ಅವರ ಕೆಲಸ ಬಹುಕಾಲ ಮರೆಯಲ್ಲಿತ್ತು. ಹಸಿರು ಗೋಡೆಯನ್ನು ಜಗತ್ತಿಗೆ ಪರಿಚಯಿಸಿದವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂ. ಉಷ್ಣವಲಯದ ಕಾಡುಗಳಲ್ಲಿ ಬಂಡೆಗೂ ಮರದ ಕಾಂಡಕ್ಕೂ ಅಂಟಿಕೊಂಡು, ಮಣ್ಣೇ ಇಲ್ಲದೆ ಬದುಕುವ ಗಿಡಗಳನ್ನು ಅವರು ಅಧ್ಯಯನ ಮಾಡಿದ್ದರು. ಲೋಹದ ಚೌಕಟ್ಟಿಗೆ ತೆಳು ಪಿವಿಸಿ ಹಲಗೆ ಹೊಡೆದು, ಅದರ ಮೇಲೆ ಫೆಲ್ಟ್ ಬಟ್ಟೆ ಹಾಸಿ, ಪೋಷಕಾಂಶ ಬೆರೆಸಿದ ನೀರನ್ನು ಮೇಲಿನಿಂದ ಇಳಿಬಿಟ್ಟರೆ ಬೇರುಗಳು ಬಟ್ಟೆಯಲ್ಲೇ ಹರಡುತ್ತವೆ. ಗಿಡವೂ ಸೇರಿ ಚದರ ಮೀಟರಿಗೆ 30 ಕಿಲೋಗ್ರಾಂ ಮೀರದ ಈ ವಿಧಾನ ಗೋಡೆಯನ್ನು ಹಗುರಗೊಳಿಸಿತು. ಪ್ಯಾರಿಸ್ಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದ ಹೊರಗೋಡೆ ಅವರ ಹೆಸರಾಂತ ಕೃತಿ.

ನಗರ ಯಾಕೆ ಕಾಯುತ್ತದೆ

ಊರಿನ ನಡುಭಾಗ ಸುತ್ತಲ ಹಳ್ಳಿಗಿಂತ ಬೆಚ್ಚಗಿರುವುದನ್ನು ಲ್ಯೂಕ್ ಹೊವಾರ್ಡ್ ಎಂಬ ಹವಾಮಾನ ವೀಕ್ಷಕರು 19ನೆಯ ಶತಮಾನದ ಆರಂಭದಲ್ಲೇ ಲಂಡನ್ನಿನಲ್ಲಿ ಅಳೆದು ದಾಖಲಿಸಿದ್ದರು. ಕಾಂಕ್ರೀಟು, ಡಾಂಬರುಗಳು ಹಗಲೆಲ್ಲ ಶಾಖ ಕುಡಿದು ರಾತ್ರಿ ಹೊರಬಿಡುತ್ತವೆ. ಮಣ್ಣು ಮುಚ್ಚಿಹೋದ್ದರಿಂದ ಆವಿಯಾಗಲು ನೀರಿಲ್ಲ. ಎತ್ತರದ ಕಟ್ಟಡಗಳ ನಡುವೆ ಗಾಳಿ ಆಡುವುದಿಲ್ಲ, ರಾತ್ರಿಯ ಶಾಖ ಆಕಾಶಕ್ಕೆ ತಪ್ಪಿಸಿಕೊಳ್ಳುವ ದಾರಿಯೂ ಕಿರಿದು. ವಾಹನಗಳೂ ಎಸಿ ಯಂತ್ರಗಳೂ ತಮ್ಮ ಶಾಖವನ್ನು ಇದಕ್ಕೆ ಸೇರಿಸುತ್ತವೆ.

ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಈ ಊರಿನ ನೆರಳು ತಾನಾಗಿ ಬಂದದ್ದಲ್ಲ. ಋತುವಿಗೊಂದು ಜಾತಿ ಹೂ ಬಿಡುವಂತೆ ಸಾಲುಮರಗಳನ್ನು ಯೋಜಿಸಿದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕೃಂಬಿಗಲ್, 1980ರ ದಶಕದಲ್ಲಿ ಲಕ್ಷಾಂತರ ಸಸಿಗಳನ್ನು ನಾಗರಿಕರ ಕೈಯಲ್ಲೇ ನೆಡಿಸಿ ಕಾಪಾಡಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಇಂಥವರ ದುಡಿಮೆ ಅದರ ಹಿಂದಿದೆ. ಆ ಮರಗಳು ಕೊಡುವ ತಂಪು ಎಷ್ಟೆಂಬುದಕ್ಕೆ ಲೆಕ್ಕವೂ ಸಿಕ್ಕಿದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಂಗಳೂರಿನಲ್ಲಿ ಮರಗಳಿರುವ ರಸ್ತೆಯ ಮಧ್ಯಾಹ್ನದ ಗಾಳಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿಯವರೆಗೆ ತಂಪಾಗಿತ್ತು. ಡಾಂಬರಿನ ಮೇಲ್ಮೈಯಲ್ಲಿ ವ್ಯತ್ಯಾಸ 27.5 ಡಿಗ್ರಿಯವರೆಗೂ ಹೋಗಿತ್ತು. ಹಸಿರು ಗೋಡೆಯ ಬಗ್ಗೆ ಬರುವ ಯಾವ ಹೇಳಿಕೆಯನ್ನೂ ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ತಂಪಾಗಿಸುವ ಬಗೆ

ಹಸಿರು ಗೋಡೆಯ ತಂಪಿಗೆ ಮೂರು ಮೂಲಗಳು. ಮೊದಲನೆಯದು ನೆರಳು. ಬಿಸಿಲಿಗೆ ಮೈಯೊಡ್ಡಿದ ಕಾಂಕ್ರೀಟಿನ ಬದಲು ಎಲೆಗಳು ಬೆಳಕನ್ನು ತಡೆದು, ಹಿಂದಿನ ಗೋಡೆಯೂ ಮುಂದಿನ ನೆಲವೂ ಕಾಯದಂತೆ ನೋಡಿಕೊಳ್ಳುತ್ತವೆ. ಎರಡನೆಯದು ಬಾಷ್ಪ ವಿಸರ್ಜನೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್, ಅಂದರೆ ವಿದ್ಯುತ್ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ ಶಾಖ ಬೇಕು. ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗೋಡೆ ಚದರ ಮೀಟರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ 36 ಲೀಟರ್ ನೀರನ್ನು ಆವಿಯಾಗಿಸಿದರೆ ಹೀರುವ ಶಾಖ ಸುಮಾರು 24 ಯೂನಿಟ್. ಒಂದೂವರೆ ಟನ್ನಿನ ಎಸಿ ಪೂರ್ಣ ಶಕ್ತಿಯಲ್ಲಿ ನಾಲ್ಕೂವರೆ ತಾಸು ಓಡಿದರೆ ಕೋಣೆಯಿಂದ ತೆಗೆಯುವ ಶಾಖವೂ ಇಷ್ಟೇ. ಎಸಿ ಅದನ್ನು ಬೀದಿಗೆ ಸುರಿಯುತ್ತದೆ. ಗಿಡ ಅದನ್ನು ಆವಿಯಲ್ಲಿ ಅಡಗಿಸಿ ಗಾಳಿಗೆ ಬಿಡುತ್ತದೆ.

ಮೂರನೆಯದು ವಿಕಿರಣ. ಬಿಸಿಲಿಗೆ ಕಾದ ಗೋಡೆಯ ಪಕ್ಕ ನಿಂತವರ ಮೈಗೆ ಗಾಳಿಯ ಬಿಸಿಯ ಜೊತೆ ಗೋಡೆಯಿಂದ ಹೊಮ್ಮುವ ಶಾಖವೂ ತಾಗುತ್ತದೆ. ನೀರು ಕುಡಿದ ಎಲೆ ಹೆಚ್ಚುಕಡಿಮೆ ಗಾಳಿಯಷ್ಟೇ ಉಷ್ಣತೆಯಲ್ಲಿರುವುದರಿಂದ ಆ ಝಳ ಇರುವುದಿಲ್ಲ. ಥರ್ಮಾಮೀಟರಿನಲ್ಲಿ ಅರ್ಧ ಡಿಗ್ರಿಯೂ ಇಳಿಯದ ಕಡೆ ಜನರಿಗೆ ಹಾಯೆನಿಸುವುದಕ್ಕೆ ಇದೇ ಕಾರಣ.

ಆದರೆ ಈ ತಂಪು ಎಷ್ಟು ದೂರ ತಲುಪುತ್ತದೆ? ಸಿಂಗಪುರದ ಹಾರ್ಟ್‌ಪಾರ್ಕ್‌ನಲ್ಲಿ ಎಂಟು ಬಗೆಯ ಹಸಿರು ಗೋಡೆಗಳನ್ನು ಅಕ್ಕಪಕ್ಕ ನಿಲ್ಲಿಸಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬರಿ ಗೋಡೆಗೆ ಹೋಲಿಸಿದರೆ ಮೇಲ್ಮೈ ಉಷ್ಣತೆ ಗರಿಷ್ಠ 11.58 ಡಿಗ್ರಿ ತಗ್ಗಿತ್ತು. ಗಾಳಿಯ ವಿಷಯದಲ್ಲಿ ಫಲಿತಾಂಶ ಬೇರೆ. ಒಂದು ಗೋಡೆಯ ಪರಿಣಾಮ 60 ಸೆಂಟಿಮೀಟರ್ ದೂರದವರೆಗೆ ಕಂಡರೆ ಇನ್ನೊಂದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಒಂಟಿ ಹಸಿರು ಫಲಕ ಇಡೀ ಬೀದಿಯನ್ನು ತಂಪಾಗಿಸುವುದಿಲ್ಲ, ತನಗೆ ಒರಗಿ ಕುಳಿತವರನ್ನು ತಂಪಾಗಿಸುತ್ತದೆ. ಹೀಗಾಗಿ ಫಲಕಕ್ಕೆ ಬೆಂಚು ಕೂಡಿಸದೆ, ಮೇಲೆ ಹಸಿರು ಚಾವಣಿ ಹೊದಿಸದೆ, ನಡುರಸ್ತೆಯ ವಿಭಜಕದ ಮೇಲೆ ನಿಲ್ಲಿಸುವುದು ಹಣವನ್ನೂ ನೀರನ್ನೂ ಚೆಲ್ಲಿದಂತೆ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಕಲಬುರಗಿ, ರಾಯಚೂರುಗಳ ಒಣ ಬೇಸಿಗೆಯಲ್ಲಿ ಆವಿಯಾಗುವಿಕೆ ಜೋರು, ತಂಪೂ ಹೆಚ್ಚು. ಅದಕ್ಕೆ ತಕ್ಕಂತೆ ನೀರೂ ಹೆಚ್ಚು ಬೇಕು, ನೀರಿನ ಕೊರತೆ ಇರುವುದೂ ಅಲ್ಲೇ. ಮಂಗಳೂರು, ಕಾರವಾರಗಳಲ್ಲಿ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಆವಿಯಿಂದ ಸಿಗುವ ತಂಪು ಅಲ್ಪ. ಅಲ್ಲಿ ನೆರಳು ಮತ್ತು ಗಾಳಿಯೇ ಆಸರೆ. ಕಡಲ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಹಸಿರು ಗೋಡೆ ನಿಲ್ಲಿಸಿದರೆ ಸೆಕೆ ಹೆಚ್ಚುತ್ತದೆ.

ಚಲಿಸುವ ಹಸಿರಿನ ಪ್ರಯೋಗಗಳು

ಈ ಬಗೆಯ ರಚನೆಗಳಲ್ಲಿ ಹೆಚ್ಚು ಯೋಚಿಸಿ ಮಾಡಿದ್ದು ಜರ್ಮನಿಯ ಸ್ಟುಟ್‌ಗಾರ್ಟ್ ಪ್ರಾಂತ್ಯದ್ದು. ನಗರಗಳ ತಾಳಿಕೆಯನ್ನು ಕುರಿತು 2011ರಿಂದ 2016ರವರೆಗೆ ನಡೆದ ಟುರಾಸ್ ಎಂಬ ಐರೋಪ್ಯ ಒಕ್ಕೂಟದ ಯೋಜನೆಯಲ್ಲಿ ಹೆಲಿಕ್ಸ್ ಎಂಬ ಸಸ್ಯ ಸಂಸ್ಥೆ ಸ್ಥಳೀಯ ಆಡಳಿತದೊಂದಿಗೆ ಕೂಡಿ ಕೆಲಸ ಮಾಡಿತು. 2014ರಲ್ಲಿ ಲುಡ್ವಿಗ್ಸ್‌ಬುರ್ಗ್ ಪಟ್ಟಣದ ಪುರಭವನದ ಚೌಕದಲ್ಲಿ ‘ಹಸಿರು ಕೋಣೆ’ ತಲೆಯೆತ್ತಿತು. ಗಿಡಗಳೇ ಗೋಡೆ, ಚಾವಣಿಯಂತೆ ಅಡ್ಡಡ್ಡ ಹರಡಿಸಿದ ಪ್ಲೇನ್ ಮರಗಳು, ಅವುಗಳ ಕೆಳಗೆ ಬೆಂಚುಗಳು. ಇದರ ಸಂಚಾರಿ ರೂಪವನ್ನು ಲಾರಿಗೆ ಎಳೆದೇರಿಸುವ ಕಂಟೇನರ್ ಅಡಿಪಾಯದ ಮೇಲೆ ಕಟ್ಟಲಾಯಿತು. ಊರೂರಿಗೆ ಒಯ್ದು ಚೌಕದಲ್ಲಿ ಇಳಿಸುವುದು, ಕೆಲವು ವಾರ ಜನ ಅದರೊಳಗೆ ಕುಳಿತು ಅನುಭವಿಸುವುದು, ಆಮೇಲೆ ಮುಂದಿನ ಊರಿಗೆ ಹೊರಡುವುದು. ಅದು ಗೋಡೆಯಾಗದೆ ಕೋಣೆಯಾದದ್ದೇ ಅದರ ಗೆಲುವು. ಮೂರು ದಿಕ್ಕಿನಿಂದ ಎಲೆ ಸುತ್ತುವರಿದು ಮೇಲಿನಿಂದ ನೆರಳು ಬಿದ್ದಾಗ, ಸಿಂಗಪುರದ ಅಧ್ಯಯನ ತೋರಿಸಿದ ಆ 60 ಸೆಂಟಿಮೀಟರ್ ವ್ಯಾಪ್ತಿಯೊಳಗೇ ಮನುಷ್ಯ ಕುಳಿತಿರುತ್ತಾನೆ.

ಇದಕ್ಕೆ ತೀರ ಭಿನ್ನವಾದ ದಾರಿ ‘ಸಿಟಿಟ್ರೀ’ಯದು. ಗ್ರೀನ್ ಸಿಟಿ ಸೊಲ್ಯೂಷನ್ಸ್ ಎಂಬ ಜರ್ಮನ್ ಕಂಪನಿ ರೂಪಿಸಿದ, ಸುಮಾರು ನಾಲ್ಕು ಮೀಟರ್ ಎತ್ತರದ ಪಾಚಿಗೋಡೆ ಇದು. ಬೆಂಚು, ಸೌರಫಲಕ, ಸಂವೇದಕಗಳನ್ನು ಒಳಗೊಂಡು ಓಸ್ಲೋ, ಪ್ಯಾರಿಸ್, ಬ್ರಸೆಲ್ಸ್ ಮೊದಲಾದ ನಗರಗಳಲ್ಲಿ ನಿಂತಿತು. ಗಾಳಿ ಶುದ್ಧಿಯಲ್ಲಿ ಇದೊಂದು 275 ಮರಗಳಿಗೆ ಸಮ ಎಂಬ ಮಾತು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಿದಾಡಿತು. ಆಮ್‌ಸ್ಟರ್‌ಡಾಮ್ ನಗರ 2018ರಿಂದ ವಾಹನ ದಟ್ಟಣೆಯ ರಸ್ತೆಯೊಂದರಲ್ಲಿ ಇವನ್ನಿಟ್ಟು ಪರೀಕ್ಷಿಸಿದಾಗ ರಸ್ತೆಯ ಗಾಳಿಯಲ್ಲಿ ಅಳೆಯಬಹುದಾದ ಸುಧಾರಣೆ ಕಾಣಲಿಲ್ಲ. ಪೆಟ್ಟಿಗೆಯೊಳಗೆ ಹಾದ ಗಾಳಿ ಶುದ್ಧವಾಗುವುದೇ ಬೇರೆ, ಇಡೀ ಬೀದಿಯ ಗಾಳಿ ಶುದ್ಧವಾಗುವುದೇ ಬೇರೆ. ಮರಗಳ ಸಂಖ್ಯೆಯಲ್ಲಿ ಲೆಕ್ಕ ಕೊಡುವ ಪದ್ಧತಿಯಿಂದ ಆಗುವ ಕೇಡು ದೊಡ್ಡದು. ಪೆಟ್ಟಿಗೆಯೊಂದು ನೂರಾರು ಮರಕ್ಕೆ ಸಮವೆಂದು ನಂಬಿದ ಆಡಳಿತಕ್ಕೆ ರಸ್ತೆ ಅಗಲಿಸಲು ಮರ ಕಡಿಯುವುದು ಸುಲಭವಾಗಿಬಿಡುತ್ತದೆ.

ಹಸಿರು ಗೋಡೆ ಗಾಳಿ ಶುದ್ಧಿಗೆ ನೆರವಾಗುವುದೇ ಇಲ್ಲವೆಂದೂ ಹೇಳಲಾಗದು. ಎರಡೂ ಬದಿ ಎತ್ತರದ ಕಟ್ಟಡಗಳಿರುವ ಇಕ್ಕಟ್ಟು ಬೀದಿಗಳಲ್ಲಿ ಗೋಡೆಗಳನ್ನೆಲ್ಲ ಹಸಿರಾಗಿಸಿದರೆ ನೈಟ್ರೋಜನ್ ಡೈಆಕ್ಸೈಡ್ 40 ಪ್ರತಿಶತದವರೆಗೆ, ದೂಳಿನ ಕಣಗಳು 60 ಪ್ರತಿಶತದವರೆಗೆ ತಗ್ಗಬಹುದೆಂದು ಬ್ರಿಟನ್ನಿನ ವಿಜ್ಞಾನಿಗಳು 2012ರಲ್ಲಿ ಅಂದಾಜಿಸಿದ್ದರು. ಅದು ಗಣಕ ಮಾದರಿಯ ಲೆಕ್ಕ, ಅಲ್ಲಿ ಹಸಿರಿನ ವಿಸ್ತಾರವೂ ಬಹಳ ದೊಡ್ಡದು. ಮೂಲೆಯಲ್ಲಿಟ್ಟ ಒಂದೆರಡು ಫಲಕಗಳಿಗೆ ಆ ಅಂಕಿಗಳನ್ನು ಅಂಟಿಸುವುದು ಸರಿಯಲ್ಲ.

ಸಿಂಗಪುರ 2019ರಲ್ಲಿ ಹತ್ತು ಬಸ್ಸುಗಳ ಚಾವಣಿಯ ಮೇಲೆ ಗಿಡ ಬೆಳೆಸಿ, ಒಳಗಿನ ಉಷ್ಣತೆ ಇಳಿಯುವುದೇ ಎಂದು ನೋಡಿತು. ಮೆಕ್ಸಿಕೊ ನಗರದಲ್ಲಿ 2016ರಿಂದ ಎತ್ತರದ ಹೆದ್ದಾರಿಯ ಕಂಬಗಳಿಗೆ ಹಸಿರು ತೊಡಿಸಲಾಯಿತು. ಕಾರಿನಲ್ಲಿ ಹೋಗುವವರ ಕಣ್ಣಿಗೆ ಹಬ್ಬ, ನಡೆಯುವವರಿಗೆ ನೆರಳಿಲ್ಲ, ಅದೇ ಹಣದಲ್ಲಿ ಎಷ್ಟೋ ಮರ ನೆಡಬಹುದಿತ್ತು ಎಂಬ ಟೀಕೆ ಅಲ್ಲಿನವರಿಂದಲೇ ಬಂತು. ಬೆಂಗಳೂರಿನ ಹೊಸೂರು ರಸ್ತೆಯ ಮೇಲ್ಸೇತುವೆಯ ಕಂಬಕ್ಕೂ 2017ರಲ್ಲಿ ಲಂಬ ಉದ್ಯಾನ ಬಂದು, ಆಮೇಲೆ ನಗರದ ಬೇರೆ ಕಂಬಗಳಿಗೂ ಹರಡಿತು. ನೀರು, ನಿಗಾ ತಪ್ಪಿದ ಕಡೆ ಗಿಡ ಒಣಗಿ ಖಾಲಿ ಕುಂಡಗಳಷ್ಟೇ ಉಳಿದವು. ಲಂಡನ್ನಿನಲ್ಲೂ ಹೀಗಾಗಿದೆ: ಇಸ್ಲಿಂಗ್ಟನ್‌ನ ಮಕ್ಕಳ ಕೇಂದ್ರವೊಂದರ ಮೇಲೆ 2006ರಲ್ಲಿ ಬೆಳೆಸಿದ ಹಸಿರು ಗೋಡೆ 2009ರ ಹೊತ್ತಿಗೆ ಸತ್ತುಹೋಗಿತ್ತು.

ರಚನೆ, ತೂಕ ಮತ್ತು ಗಾಳಿ

ಗಾಲಿಗೋಡೆ ಕಟ್ಟುವವರಿಗೆ ಎದುರಾಗುವ ಮೊದಲ ಕಷ್ಟ ಗಾಳಿಯದು. ಕಟ್ಟಡಗಳ ವಿನ್ಯಾಸಕ್ಕಾಗಿ ಭಾರತೀಯ ಮಾನಕ ಸಂಹಿತೆ ಬೆಂಗಳೂರಿಗೆ ಗೊತ್ತುಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗದ ಗಾಳಿ ಒಂಬತ್ತು ಚದರ ಮೀಟರಿನ ಫಲಕವನ್ನು ಸುಮಾರು 600 ಕಿಲೋ ತೂಕದ ಬಲದಿಂದ ದೂಡುತ್ತದೆ. ಎರಡು ಮೀಟರ್ ಅಗಲದ ಪಾದದ ಮೇಲೆ ನಿಂತ ಫಲಕ ಮಗುಚದಿರಬೇಕಾದರೆ ಒಟ್ಟು ತೂಕ ಒಂದು ಟನ್ನಿನ ಆಸುಪಾಸು ಇರಲೇಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಏಳುವ ಬಿರುಗಾಳಿಯನ್ನು ಕಂಡವರಿಗೆ ಈ ಲೆಕ್ಕ ಅತಿಯೆನಿಸದು. ಅಡಿಯಲ್ಲಿ ನೀರಿನ ತೊಟ್ಟಿ ಇಟ್ಟು ಅದರ ಭಾರವನ್ನೇ ನಂಬುವ ವಿನ್ಯಾಸಗಳಿವೆ. ಬೇಸಿಗೆಯಲ್ಲಿ ತೊಟ್ಟಿ ಬರಿದಾಗುವುದೂ ಬಿರುಗಾಳಿ ಬರುವುದೂ ಒಂದೇ ಕಾಲವಾದ್ದರಿಂದ ಇದು ಅಪಾಯಕಾರಿ. ಭಾರವನ್ನು ಕಲ್ಲು ಅಥವಾ ಕಾಂಕ್ರೀಟಿನಲ್ಲೇ ಕೊಡಬೇಕು, ಇಲ್ಲವೆ ಎರಡು ಫಲಕಗಳನ್ನು ಮೂಲೆಗೂಡಿಸಿ ನಿಲ್ಲಿಸಬೇಕು. ಮೂಲೆಗೂಡಿದ ಗೋಡೆ ತನ್ನ ಬಲದಲ್ಲೇ ನಿಲ್ಲುತ್ತದೆ, ಮಧ್ಯದಲ್ಲಿ ಬೆಂಚಿಗೂ ಜಾಗವಾಗುತ್ತದೆ. ಎತ್ತರ ಎರಡು ಮೀಟರಿಗೆ ಇಳಿದರೆ ಎಲ್ಲವೂ ಸುಲಭ.

ಗಾಲಿಗಳು ಇದ್ದರೂ ಅವನ್ನು ದಿನವೂ ತಳ್ಳುವುದಕ್ಕೆ ಬಳಸುವುದು ವಿರಳ. ಋತುವಿಗೊಮ್ಮೆ ಕ್ರೇನು, ಲಾರಿಯ ನೆರವಿನಿಂದ ಸ್ಥಳ ಬದಲಿಸುವುದೇ ರೂಢಿ. ವಾರಾಂತ್ಯದಲ್ಲಿ ವಾಹನ ನಿಲ್ಲಿಸಿ ನಡಿಗೆಗೆ ಬಿಟ್ಟುಕೊಡುವ ಬೀದಿಗಳಿಗೆ ಮಾತ್ರ ಸೊಂಟದೆತ್ತರದ, ಇಬ್ಬರು ತಳ್ಳಬಹುದಾದ ಗಾಡಿಗಳು ಹೊಂದುತ್ತವೆ.

ಗಿಡಗಳ ಆಯ್ಕೆ

ಮನಿಪ್ಲಾಂಟ್, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್, ಬಾಸ್ಟನ್ ಜರೀಗಿಡ ಇವು ನರ್ಸರಿಯವರು ಸಾಮಾನ್ಯವಾಗಿ ಕೊಡುವ ಗಿಡಗಳು. ನೆರಳಿನ ಜಾಗಕ್ಕೆ ಇವು ಸರಿ, ಪಡುವಣ ಬಿಸಿಲಿಗೆ ಒಡ್ಡಿದರೆ ಸುಟ್ಟುಹೋಗುತ್ತವೆ. ನೀರು ಉಳಿಸಲೆಂದು ಕಾಡುಬಸಳೆಯಂಥ ದಪ್ಪ ಎಲೆಯ ರಸಭರಿತ ಗಿಡಗಳನ್ನು ಆರಿಸುವವರಿದ್ದಾರೆ. ಅವು ಬಾಳುವುದು ನಿಜ. ಆದರೆ ಇಂಥ ಗಿಡಗಳಲ್ಲಿ ಅನೇಕವು ಹಗಲಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯಷ್ಟೇ ತೆರೆಯುತ್ತವೆ. ನೀರು ಬಿಡದ ಎಲೆ ಮಧ್ಯಾಹ್ನ ತಂಪು ಕೊಡಲಾರದು. ತಂಪು ಬೇಕೆಂದರೆ ನೀರು ಕೊಡಲೇಬೇಕು, ಈ ವಿನಿಮಯಕ್ಕೆ ಅಡ್ಡದಾರಿಯಿಲ್ಲ.

ಬಿಸಿಲಿಗೆ ಒಗ್ಗಿದ, ಎಲೆ ದಟ್ಟವಾದ, ಬೇಗ ಚಿಗುರುವ ಬಳ್ಳಿಗಳು ಲೆಕ್ಕದಲ್ಲಿ ಮುಂದಿವೆ. ಬಸಳೆ, ಅಮೃತಬಳ್ಳಿ, ಶಂಖಪುಷ್ಪ, ಮಲ್ಲಿಗೆ ಬಳ್ಳಿಗಳು ಅಡಿಯ ಒಂದೇ ದೊಡ್ಡ ತೊಟ್ಟಿಯಿಂದ ಜಾಲರಿಯ ಮೇಲೆ ಹಬ್ಬುತ್ತವೆ. ನೂರಾರು ಪುಟ್ಟ ಕುಂಡಗಳಿಗಿಂತ ಇದು ಎಷ್ಟೋ ಮೇಲು. ಬೊಗಸೆಯಷ್ಟು ಮಣ್ಣಿರುವ ಕುಂಡ ಮೇ ತಿಂಗಳಲ್ಲಿ ಒಂದು ದಿನ ನೀರು ತಪ್ಪಿದರೆ ಒಣಗುತ್ತದೆ, ನೂರು ಲೀಟರ್ ಮಣ್ಣಿನ ತೊಟ್ಟಿ ಹಲವು ದಿನ ತಡೆಯುತ್ತದೆ. ಗೋಡೆ ಪೂರ್ತಿ ಹಸಿರಾಗಲು ಒಂದು ಮಳೆಗಾಲ ಬೇಕು, ಅಷ್ಟೇ. ದೊಡ್ಡಪತ್ರೆ, ಒಂದೆಲಗ, ಲಾವಂಚಗಳಿಗೆ ಕೆಳಸಾಲು ಸಲ್ಲುತ್ತದೆ. ವಾಹನಗಳ ಹೊಗೆ, ದೂಳು ಕೂರುವ ರಸ್ತೆ ಬದಿಯಲ್ಲಿ ತಿನ್ನುವ ಸೊಪ್ಪು ಬೆಳೆದು ಕೊಯ್ಯುವುದು ಬೇಡ. ಶಾಲೆ, ಆಸ್ಪತ್ರೆಗಳ ಒಳ ಅಂಗಳಗಳಲ್ಲಿ ಬೆಳೆಯಲು ಅಡ್ಡಿಯಿಲ್ಲ.

ನೀರು ಮತ್ತು ಆರೈಕೆ

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹಸಿರು ಗೋಡೆ ಅತಿ ಹೆಚ್ಚು ಬೇಕಾಗುವ ಕಾಲವೂ ಅದೇ. ಕುಡಿಯುವ ನೀರನ್ನು ನೆಚ್ಚಿದ ಯೋಜನೆಯನ್ನು ಆರಂಭಿಸದಿರುವುದೇ ಲೇಸು. ಅಪಾರ್ಟ್‌ಮೆಂಟುಗಳ, ಉದ್ಯಾನಗಳ ಶುದ್ಧೀಕರಣ ಘಟಕಗಳಿಂದ ಬರುವ ಸಂಸ್ಕರಿತ ನೀರು, ಎಸಿ ಯಂತ್ರಗಳಿಂದ ತೊಟ್ಟಿಕ್ಕುವ ನೀರು, ಮಳೆಗಾಲದಲ್ಲಿ ಚಾವಣಿ ನೀರು, ಇವುಗಳಿಂದಲೇ ನಡೆಯಬೇಕು. ಸಂಸ್ಕರಿತ ನೀರಿನ ಲವಣ ಹನಿ ಕೊಳವೆಯ ತೂತುಗಳಲ್ಲಿ ಕಟ್ಟಿಕೊಳ್ಳುವುದರಿಂದ ಸೋಸುಜಾಲರಿಯನ್ನು ಆಗಾಗ ತೊಳೆಯುವುದು, ತಿಂಗಳಿಗೊಮ್ಮೆ ಮಣ್ಣನ್ನು ಧಾರಾಳ ನೀರಿನಿಂದ ತೊಯ್ಸುವುದು ಅಗತ್ಯ. 36 ಲೀಟರ್ ಖರ್ಚಿನ ಗೋಡೆಗೆ 500 ಲೀಟರಿನ ತೊಟ್ಟಿ ಎರಡು ವಾರಕ್ಕೆ ಸಾಲುತ್ತದೆ. ತೊಟ್ಟಿಗೆ ಬಿಗಿ ಮುಚ್ಚಳವಿರದಿದ್ದರೆ ಡೆಂಗಿ ಸೊಳ್ಳೆಗೆ ಅದೇ ಮನೆ.

ಇಂಥ ಯೋಜನೆಗಳ ಟೆಂಡರುಗಳಲ್ಲಿ ಕಟ್ಟುವ ಖರ್ಚು ವಿವರವಾಗಿರುತ್ತದೆ, ಕಾಪಾಡುವ ಖರ್ಚು ಒಂದು ಸಾಲಿನಲ್ಲಿ ಮುಗಿಯುತ್ತದೆ. ಸತ್ತ ಗಿಡ ಬದಲಿಸುವುದು, ಸವರುವುದು, ಪಂಪು ನೋಡಿಕೊಳ್ಳುವುದು, ಗೊಬ್ಬರದ ನೀರು ಕೊಡುವುದು ವಾರವಾರದ ಕೆಲಸ. ಗೊತ್ತಾದ ಮಾಲಿಯೊಬ್ಬರಿಗೆ ನ್ಯಾಯವಾದ ಸಂಬಳ ಕೊಟ್ಟು ಆ ಗೋಡೆಗಳ ಹೊಣೆ ವಹಿಸಿದರೆ ಅವು ಉಳಿಯುತ್ತವೆ. ಸಂವೇದಕ, ಮೊಬೈಲ್ ಆ್ಯಪ್‌ಗಳು ಆ ಮಾಲಿಗೆ ನೆರವಾಗಬಲ್ಲವು, ಅವರ ಜಾಗದಲ್ಲಿ ನಿಲ್ಲಲಾರವು.

ಬೇರೂರುವ ದಾರಿ

ಚಲಿಸುವ ಹಸಿರಿನ ದೊಡ್ಡ ಉಪಯೋಗವನ್ನು ಮ್ಯೂನಿಕ್ ನಗರ ಬಹಳ ಹಿಂದೆಯೇ ಕಂಡುಕೊಂಡಿದೆ. ಅಲ್ಲಿ 1992ರಿಂದ ‘ಅಲೆಮಾರಿ ಸಾಲುಮರ’ಗಳು ಸಂಚರಿಸುತ್ತಿವೆ. ಗಾಲಿಯುಳ್ಳ ತೊಟ್ಟಿಗಳಲ್ಲಿ ಬೆಳೆದ ಮರಗಳನ್ನು ಸ್ವಯಂಸೇವಕರು ಮರವಿಲ್ಲದ ಬೀದಿಗೆ ತಳ್ಳಿಕೊಂಡು ಹೋಗಿ ಕೆಲವು ವಾರ ನಿಲ್ಲಿಸುತ್ತಾರೆ. ನೆರಳಿನ ರುಚಿ ಕಂಡ ನಿವಾಸಿಗಳು ನಮ್ಮ ಬೀದಿಗೆ ಮರ ಬೇಕೆಂದು ನಗರಾಡಳಿತವನ್ನು ಕೇಳುತ್ತಾರೆ. ಪಾರ್ಕಿಂಗ್ ಜಾಗ ಹೋಗುತ್ತದೆಂದು ಮೊದಲು ತಕರಾರು ತೆಗೆಯುವವರೂ ಅಲ್ಲಿ ಇರುತ್ತಾರೆ, ಮರದ ಕೆಳಗೆ ಕುಳಿತು ಅವರೊಂದಿಗೆ ಮಾತಾಡುವುದು ನಕ್ಷೆ ಹರಡಿಕೊಂಡು ವಾದಿಸುವುದಕ್ಕಿಂತ ಸುಲಭ. ಹೀಗೆ ಕಾಯಂ ಮರ ಪಡೆದ ಬೀದಿಗಳು ಅಲ್ಲಿ ಹಲವು. ನೆದರ್ಲೆಂಡ್ಸಿನ ಲೇಯುವಾರ್ಡನ್‌ನಲ್ಲಿ 2022ರ ಬೇಸಿಗೆಯಲ್ಲಿ ಇದರ ಭವ್ಯ ರೂಪ ನಡೆಯಿತು. ಮರದ ಪೆಟ್ಟಿಗೆಗಳಲ್ಲಿ ನೆಟ್ಟ ಸುಮಾರು 1,200 ಮರಗಳ ‘ಬಾಸ್ಕ್’ ಎಂಬ ಕಾಡು 100 ದಿನಗಳ ಕಾಲ ಊರಿನ ನಡುವೆ ಜನರ ಕೈಯಲ್ಲಿ ತಳ್ಳಿಸಿಕೊಂಡು ಸಾಗಿತು. ಕೊನೆಗೆ ಆ ಮರಗಳನ್ನು ಊರಿನ ಬೇರೆ ಬೇರೆ ಬಡಾವಣೆಗಳ ನೆಲದಲ್ಲಿ ನೆಡಲಾಯಿತು.

ಕರ್ನಾಟಕದ ನಗರಗಳು ಹಸಿರು ಗೋಡೆ ಕೊಳ್ಳುವಾಗ ಇದನ್ನು ವಿನ್ಯಾಸದಲ್ಲೇ ಸೇರಿಸಬಹುದು. ಫಲಕದ ಪಾದದಲ್ಲಿ ಹೇಗೂ ಭಾರ ಬೇಕು. ಅಲ್ಲಿ ಹೊಂಗೆ, ಬೇವು, ಹೊಳೆಮತ್ತಿಯ ಎಳೆಮರಗಳಿರುವ ತೊಟ್ಟಿಗಳನ್ನು ಇಡಬಹುದು. ಬಸ್ ನಿಲ್ದಾಣದಲ್ಲೋ ಸಂತೆಯ ಬಯಲಲ್ಲೋ ಎರಡು ಬೇಸಿಗೆ ನಿಲ್ಲಿಸಿ, ಜನ ಎಲ್ಲಿ ಕೂಡುತ್ತಾರೆ, ಯಾವ ಹೊತ್ತಿನ ನೆರಳನ್ನು ಹುಡುಕುತ್ತಾರೆ ಎಂಬುದನ್ನು ಗುರುತಿಸಬೇಕು. ಮೂರನೆಯ ವರ್ಷದ ಜೂನ್‌ನಲ್ಲಿ ಅಲ್ಲೇ ಕಾಂಕ್ರೀಟು ಒಡೆದು ಗುಂಡಿ ತೆಗೆದು ಆ ಮರಗಳನ್ನು ನೆಟ್ಟು, ಖಾಲಿಯಾದ ಚೌಕಟ್ಟನ್ನು ಹೊಸ ತೊಟ್ಟಿಗಳೊಂದಿಗೆ ಮುಂದಿನ ನಿಲ್ದಾಣಕ್ಕೆ ಕಳಿಸಬೇಕು.